ಎಡಪಕ್ಕದ ಸಂದು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಮ್ಮೂರಿನಲ್ಲಿ ಯಾರೂ ಆಡುವುದಿಲ್ಲ. ಆಡಿದರೆ ಎದುರಿಗಿದ್ದವರು, "ಯಾವ ಬೀದೀಲಿ ಕುಣಿದ್ಲಂತೆ?" ಎಂದು ಕೇಳುತ್ತಾರೆ. ಅದು ನ್ಯಾಯವಾದ ಪ್ರಶ್ನೆಯೇ. ನಮ್ಮ ಬಡಗಿ ಬೀದಿಯಲ್ಲಿ ನಿಂತವರು ಯಾವ ಕಡೆ ಮುಖ ಮಾಡಿದರೂ ತಮ್ಮ ಎಡಕ್ಕೆ ತುಸು ವಾಲಿಯೇ ನಿಲ್ಲುತ್ತಾರೆ. ಶಾಲೆ ಬೀದಿಯಲ್ಲಿ ಬಲಕ್ಕೆ. ಪೇಟೆ ಬೀದಿಯಲ್ಲಿ ಮುಂದಕ್ಕೆ. ಅದಕ್ಕೇ ಅಲ್ಲಿಯ ಅಂಗಡಿಯವರು ಗಿರಾಕಿಗಳ ಮೇಲೆ ಬೀಳುತ್ತಾರೆ ಎಂದು ನಮ್ಮಜ್ಜಿ ನಗುತ್ತಾಳೆ. ಗಾರೆಯವರು ತೂಗುಗುಂಡು ಇಳಿಬಿಟ್ಟರೆ ಅದೂ ಹಿಡಿದವನ ಎಡಕ್ಕೋ ಬಲಕ್ಕೋ ಸರಿದು ನಿಲ್ಲುತ್ತದೆ. ಇಬ್ಬರು ಎದುರುಬದುರು ನಿಂತು ಒಂದೇ ದಾರ ಹಿಡಿದರೆ ಮಾತ್ರ, ಯಾರ ಮಾತು ಕೇಳಬೇಕೋ ತಿಳಿಯದೆ ಗುಂಡು ಗಿರಗಿರನೆ ಸುತ್ತುತ್ತದೆ. ಆ ವರ್ಷವೆಲ್ಲ ನನ್ನ ತಲೆಯೂ ಹಾಗೆಯೇ ಸುತ್ತುತ್ತಿತ್ತು.

ಒಂದು ಬೀದಿ ಮುಗಿದು ಇನ್ನೊಂದು ಶುರುವಾಗುವ ಕಡೆ ಸೊಂಟದೆತ್ತರದ ಕಲ್ಲೊಂದನ್ನು ನೆಟ್ಟಿರುತ್ತಾರೆ. ಅದು ಮೂಲೆಗಲ್ಲು. ಅದರ ಮೇಲೆ ಕೈಯಿಟ್ಟು, ಒಂದು ಗಳಿಗೆ ನಿಂತು, ಹೊಸ ಬೀದಿಗೆ ಮೈಯನ್ನು ಹೊಂದಿಸಿಕೊಂಡು ಮುಂದೆ ಹೋಗಬೇಕು. ಹಾಗೆ ಮಾಡದವರನ್ನು ಒರಟರು ಅನ್ನುತ್ತಾರೆ. ಬಟ್ಟೆ ಹೊಲಿಸಲು ಹೋದರೆ ದರ್ಜಿ ಇಮಾಮ್ ಸಾಬರು ಟೇಪು ತೆಗೆಯುವ ಮೊದಲು "ಯಾವ ಬೀದಿಗೆ?" ಎಂದು ಕೇಳುತ್ತಾರೆ. ಆಮೇಲೆ ಒಂದೇ ಪಕ್ಕ ಅಳೆದು, ಇನ್ನೊಂದು ಪಕ್ಕಕ್ಕೆ ಬೀದಿಯ ಲೆಕ್ಕ ಹಿಡಿಯುತ್ತಾರೆ. ಎರಡೂ ಪಕ್ಕ ಅಳೆಯುವವನು ಕಸುಬು ಬಾರದವನು ಎಂದು ನಮ್ಮಲ್ಲಿ ಮಾತು.

ನಮ್ಮಪ್ಪ ನಾಗಲಿಂಗಾಚಾರಿಯನ್ನು ಊರೆಲ್ಲ ಬೆಣೆ ಆಚಾರಿ ಎಂದೇ ಕರೆಯುವುದು. ಮಂಚ, ಬೀರು, ತೊಟ್ಟಿಲು, ದೇವರ ಮಂಟಪ, ಎಲ್ಲದರ ಕಾಲಡಿಗೂ ಆಯಾ ಬೀದಿಗೆ ತಕ್ಕ ಮರದ ಬೆಣೆ ಕೊಟ್ಟು ಅಲುಗದ ಹಾಗೆ ಕೂರಿಸುವುದು ಅವನ ಕೆಲಸ. ಮನೆ ಬದಲಾಯಿಸುವವರು ಮೊದಲು ಅವನನ್ನು ಕರೆಯುತ್ತಾರೆ, ಆಮೇಲೆ ಪುರೋಹಿತರನ್ನು. ಸಂದು ಕಂಡರೆ ಅಪ್ಪನ ಕೈ ಸುಮ್ಮನಿರುವುದಿಲ್ಲ. ಊಟಕ್ಕೆ ಕೂತಾಗಲೂ ಗೋಡೆಗೂ ಕಪಾಟಿಗೂ ನಡುವೆ ಬೆರಳು ಹಾಕಿ ನೋಡುತ್ತಾನೆ. ಅಮ್ಮ ಬೈಯುತ್ತಾಳೆ.

ಹನ್ನೆರಡು ತುಂಬಿದ ವರ್ಷ ನಾನು ಜೋಳದ ದಂಟಿನ ಹಾಗೆ ಬೆಳೆದೆ. ಬೆಳೆದದ್ದಕ್ಕೆ ಸಂತೋಷಪಡುವಷ್ಟರಲ್ಲಿ ದೂರುಗಳು ಶುರುವಾದವು. ಶಾಲೆ ಬೀದಿಯಲ್ಲಿ ಎಲ್ಲರೂ ಬಲಕ್ಕೆ ವಾಲಿದರೆ ನಾನು ಇನ್ನೂ ಹೆಚ್ಚು ವಾಲುತ್ತಿದ್ದೆನಂತೆ. "ಏನೇ ಕಾಮಾಕ್ಷಿ, ನಮ್ಮನ್ನ ಅಣಕಿಸ್ತೀಯಾ?" ಎಂದು ಟೀಚರು ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲೂ ಹಾಗೆಯೇ ನಿಂತೆ. ನಮ್ಮ ಬೀದಿಯಲ್ಲಾದರೋ ಎಲ್ಲರೂ ಎಡಕ್ಕೆ ವಾಲಿದಾಗ ನಾನೊಬ್ಬಳು ಸೆಟೆದುಕೊಂಡಿರುತ್ತಿದ್ದೆನಂತೆ. ಪಕ್ಕದ ಮನೆಯ ಪಾರ್ವತಕ್ಕ ಅಮ್ಮನಿಗೆ ಕೇಳಿಸುವ ಹಾಗೆ, "ಹುಡುಗೀಗೆ ಎಷ್ಟು ಸೊಕ್ಕು ನೋಡ್ರೀ, ಬೀದಿಗೂ ಬಗ್ಗಲ್ಲ" ಎಂದಳು. ಒಂದೇ ದಿನ ಒಂದೇ ಮೈಗೆ ಎರಡು ಬೈಗುಳ. ಯಾವುದನ್ನು ನಂಬಬೇಕೋ ನನಗೆ ತಿಳಿಯಲಿಲ್ಲ.

ಹೊಸ ಯೂನಿಫಾರ್ಮಿನ ಸ್ಕರ್ಟು ಹಾಕಿಕೊಂಡರೆ ಅಂಚು ಒಂದು ಕಡೆ ಮೊಳಕಾಲಿಗೆ, ಇನ್ನೊಂದು ಕಡೆ ಅದಕ್ಕಿಂತ ಮೇಲಕ್ಕೆ. ಅಮ್ಮ ಜಗಳಕ್ಕೆ ಹೋದಳು. ಇಮಾಮ್ ಸಾಬರು ಕತ್ತರಿ ಕೆಳಗಿಟ್ಟು, "ನಾನು ಶಾಲೆ ಬೀದಿ ಲೆಕ್ಕಕ್ಕೇ ಕತ್ತರಿಸಿದ್ದೀನಮ್ಮಾ. ಹುಡುಗಿ ಮೂಲೆಗಲ್ಲಲ್ಲಿ ಸರಿಯಾಗಿ ಹೊಂದಿಸ್ಕೊಂಡಿಲ್ಲ, ಅಷ್ಟೇಯ" ಎಂದರು. ಅಂದಿನಿಂದ ದಿನಾ ಬೆಳಿಗ್ಗೆ ಅಮ್ಮನ ಬುದ್ಧಿವಾದ: "ಕಲ್ಲಿನ ಹತ್ರ ಚೆನ್ನಾಗಿ ನಿಂತ್ಕೊಂಡು ಹೋಗೇ." ನಾನು ಬಸ್ಸಿಗೆ ಕಾಯುವವಳ ಹಾಗೆ ಅಲ್ಲಿ ನಿಂತುಬಿಡುತ್ತಿದ್ದೆ. ಹಿಂದಿನಿಂದ ಬಂದವರೆಲ್ಲ ಕೈಯಿಟ್ಟು, ಹೊಂದಿಸಿಕೊಂಡು, ನನ್ನನ್ನು ದಾಟಿ ಹೋಗುತ್ತಿದ್ದರು. ಶಾಲೆಗೆ ತಡವಾಗುತ್ತಿತ್ತೇ ಹೊರತು ಸ್ಕರ್ಟು ಸರಿಯಾಗಲಿಲ್ಲ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ?" ಎಂದು ಅಜ್ಜಿ ದಿನಕ್ಕೊಮ್ಮೆ ಕೇಳುತ್ತಿದ್ದಳು. ಗಿಡವಾಗಿರುವಾಗಲೇ ಬಗ್ಗಿದ್ದೇ ನನ್ನ ತೊಂದರೆ ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಅಪ್ಪ ಬೈಯಲಿಲ್ಲ. ಒಂದು ಭಾನುವಾರ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ತೂಗುಗುಂಡಿನ ದಾರ ಇಳಿಬಿಟ್ಟ. ಅವನು ನನ್ನ ಎದುರಿಗೆ ನಿಂತು "ಈ ಭುಜ ಮೇಲಿದೆ" ಎಂದ. ಅಮ್ಮ ನನ್ನ ಹಿಂದೆ ನಿಂತು ತನ್ನ ದಾರ ಹಿಡಿದು "ಇಲ್ಲ, ಬೀದಿ ಲೆಕ್ಕ ಕಳೆದ್ರೆ ಆ ಭುಜ" ಎಂದಳು. ಇಬ್ಬರ ಗುಂಡೂ ಬೇರೆ ಬೇರೆ ಕಡೆ ಹೋಗಿ ನಿಂತಿದ್ದವು. ಕೊನೆಗೆ ಅಪ್ಪ ನನ್ನ ಎಡಗಾಲಿನ ಚಪ್ಪಲಿಯ ಹಿಮ್ಮಡಿಗೆ ತೆಳ್ಳನೆಯದೊಂದು ಬೆಣೆ ಅಂಟಿಸಿದ. ಭುಜಗಳು ಸಮನಾದವು. "ನೋಡಿದ್ಯಾ?" ಎಂದು ಅಮ್ಮನ ಕಡೆ ತಿರುಗಿ ಹುಬ್ಬು ಹಾರಿಸಿದ. ನನಗೂ ಗೆದ್ದ ಹಾಗಾಯಿತು. ತಿಂಗಳು ಕಳೆಯುವುದರೊಳಗೆ ಇನ್ನೊಂದು ಬೆಣೆ ಬೇಕಾಯಿತು.

ಮಳೆಗಾಲದ ನಡುವೆ ಹೊರಗಿನ ಊರಿನ ಆಸ್ಪತ್ರೆಯಿಂದ ಡಾಕ್ಟರ್ ಸುಹಾಸಿನಿ ನಮ್ಮ ಶಾಲೆಗೆ ಮಕ್ಕಳ ತಪಾಸಣೆಗೆ ಬಂದರು. ನಮ್ಮ ಬೀದಿಗಳ ಅಭ್ಯಾಸವಿಲ್ಲದೆ ಅವರು ಕುರ್ಚಿ, ಕಿಟಕಿ, ಹೆಡ್‌ಮಾಸ್ಟರ ತೋಳು, ಸಿಕ್ಕಿದ್ದನ್ನೆಲ್ಲ ಹಿಡಿದುಕೊಂಡು ಓಡಾಡಿದರು. ನಾವು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು. ಆಮೇಲೆ ಹುಡುಗಿಯರನ್ನೆಲ್ಲ ಒಬ್ಬೊಬ್ಬರಾಗಿ ಒಳಗೆ ಕರೆದು, ಎರಡೂ ಅಂಗೈ ಜೋಡಿಸಿ ಮುಂದಕ್ಕೆ ಬಗ್ಗಲು ಹೇಳಿ ಬೆನ್ನು ನೋಡಿದರು. ನನ್ನ ಸರದಿ ಬಂದಾಗ ಅವರ ಬೆರಳು ಬೆನ್ನಿನ ಮೇಲೆ ಮೆಲ್ಲಗೆ ಇಳಿದು, ನಿಂತು, ಮತ್ತೆ ಮೇಲಿನಿಂದ ಇಳಿಯಿತು. ಬಗ್ಗಿದ ಮೇಲೆ ಬೀದಿಯ ಆಟ ನಡೆಯುವುದಿಲ್ಲ. ನನ್ನ ಬೆನ್ನಿನ ಬಲಭಾಗ ತಟ್ಟೆ ಮಗುಚಿಟ್ಟ ಹಾಗೆ ಎದ್ದಿತ್ತಂತೆ.

"ನೋವಿದೆಯೇನಮ್ಮಾ?" ಎಂದರು.

"ಇಲ್ಲ ಮೇಡಂ. ನಾನು ಕಲ್ಲಿನ ಹತ್ರ ಸರಿಯಾಗಿ ಹೊಂದಿಸ್ಕೊಳ್ಳಲ್ಲ, ಅದಕ್ಕೆ ಹೀಗೆ" ಎಂದೆ.

ಅವರು ಬೆಣೆ ಅಂಟಿಸಿದ ನನ್ನ ಚಪ್ಪಲಿಯನ್ನು ಎತ್ತಿ ನೋಡಿದರು. "ನಾಳೆ ನಿಮ್ಮಪ್ಪ ಅಮ್ಮನ್ನ ಕರ್ಕೊಂಡು ಆಸ್ಪತ್ರೆಗೆ ಬಾ" ಎಂದರು.

ಹೊರಗಿನ ಊರಿನಲ್ಲಿ ನೆಲವೆಲ್ಲ ಒಂದೇ ಥರ. ಅಲ್ಲಿ ಇಳಿದ ಕೂಡಲೇ ಅಮ್ಮನಿಗೆ ವಾಕರಿಕೆ ಬಂತು. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಪ್ಪ ಅಭ್ಯಾಸಬಲದಿಂದ ಎಡಕ್ಕೆ ವಾಲಿ ನಡೆಯುವುದನ್ನು ಕಂಡು ಜವಾನನೊಬ್ಬ "ಬೆಳಿಗ್ಗೆನೇ ಹಾಕ್ಕೊಂಡು ಬಂದಿದ್ದೀರಾ ಯಜಮಾನ್ರೇ?" ಎಂದು ಕೇಳಿಬಿಟ್ಟ. ನನ್ನನ್ನು ನಿಲ್ಲಿಸಿ ಎಕ್ಸ್‌ರೇ ತೆಗೆದರು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದಾಗ ನನ್ನ ಬೆನ್ನುಮೂಳೆ ನಡುವೆ ಬಲಕ್ಕೆ ಬಾಗಿ, ಏನೋ ಮರೆತವಳ ಹಾಗೆ ಮತ್ತೆ ಎಡಕ್ಕೆ ಬಂದಿತ್ತು. ಅದು ನಾನು ಎಂದು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ನನಗೆ ಭಯವಾಯಿತು.

ಅಪ್ಪ ಬಹಳ ಹೊತ್ತು ನೋಡಿದ. "ಯಾವ ಬೀದೀಲಿ ಮನೆ ಮಾಡಿದ್ರೆ ಇದು ನೆಟ್ಟಗಾಗುತ್ತೆ ಮೇಡಂ? ಬಾಡಿಗೆಗಾದ್ರೂ ಹೋಗ್ತೀವಿ."

"ಯಾವ ಬೀದೀಲೂ ಆಗಲ್ಲ. ಇದು ಅವಳ ಜೊತೇಲೇ ಬರುತ್ತೆ."

"ಯಾಕೆ ಬಂತು?" ಎಂದಳು ಅಮ್ಮ. "ಬ್ಯಾಗು ಭಾರ ಅಂತ ನಾನು ಮೊದಲೇ ಹೇಳಿದ್ದೆ."

"ಬ್ಯಾಗಿಂದ ಅಲ್ಲಮ್ಮಾ. ನಿಂತ್ಕೊಳ್ಳೋ ರೀತಿಯಿಂದಾನೂ ಅಲ್ಲ. ಯಾಕೆ ಅಂತ ನಮಗೂ ಗೊತ್ತಿಲ್ಲ. ಯಾರ ತಪ್ಪೂ ಅಲ್ಲ."

ಆಮೇಲೆ ಅವರು ನಿಧಾನವಾಗಿ ಹೇಳಿದ್ದು ಇಷ್ಟು: ಬೆಳೆಯುವ ವಯಸ್ಸಿನಲ್ಲಿ ಬೆನ್ನಿನ ಡೊಂಕೂ ಬೆಳೆಯುತ್ತದೆ. ಎತ್ತರ ಬೆಳೆಯುವುದು ನಿಲ್ಲುವವರೆಗೆ, ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿ ನಾನು ಒಂದು ಬೆಲ್ಟು ತೊಡಬೇಕು. ತೊಡದೆ ಡೊಂಕು ಮಿತಿಮೀರಿದರೆ ಬೆನ್ನು ಕೊಯ್ದು ಕಂಬಿ ಕೂರಿಸುವ ಆಪರೇಷನ್ನು. ಕಂಬಿ ಎಂಬ ಮಾತಿಗೆ ಅಮ್ಮ ನನ್ನ ಕೈ ಹಿಡಿದುಕೊಂಡಳು.

"ಬೆಲ್ಟು ಹಾಕ್ಕೊಂಡ್ರೆ ನೆಟ್ಟಗಾಗುತ್ತಾ?" ಎಂದ ಅಪ್ಪ.

"ಹಾಗೆ ಮಾತು ಕೊಡೋಕಾಗಲ್ಲ. ಇನ್ನೂ ಡೊಂಕಾಗದೆ ತಡೆಯೋದು ಅದರ ಕೆಲಸ. ಇದ್ದಷ್ಟಕ್ಕೇ ನಿಂತ್ರೆ ನಾವು ಗೆದ್ದ ಹಾಗೆ."

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ, ನಮ್ಮೂರಿನ ಮೊದಲ ಮೂಲೆಗಲ್ಲು ಕಂಡ ಮೇಲೆ, ಯಾರನ್ನೂ ನೋಡದೆ, "ನೆಟ್ಟಗೆ ಕೂರಿಸದ ಬೆಣೇನ ನಾನು ಇವತ್ತಿನವರೆಗೆ ಯಾರಿಗೂ ಕೊಟ್ಟಿಲ್ಲ" ಎಂದ.

ಬೆಲ್ಟು ಅಂದರೆ ಸೊಂಟಕ್ಕೆ ಕಟ್ಟುವ ಪಟ್ಟಿ ಎಂದುಕೊಂಡಿದ್ದೆ. ಬಂದದ್ದು ಕಂಕುಳಿನಿಂದ ಸೊಂಟದ ಕೆಳಗಿನವರೆಗೆ ಬರುವ ಬಿಳಿಯ ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬ. ಹಿಂದೆ ಪಟ್ಟಿಗಳು. ಒಳಗೆ ಬಲಪಕ್ಕೆಯನ್ನು ಒತ್ತುವ ದಪ್ಪನೆಯ ಮೆತ್ತೆ. ಅದರ ಎದುರಿಗೆ, ಎಡಪಕ್ಕದಲ್ಲಿ, ನನ್ನ ಮೈಗೂ ಡಬ್ಬಕ್ಕೂ ನಡುವೆ ಅಂಗೈ ಹೋಗುವಷ್ಟು ಸಂದು. ಒಳಗೆ ಹತ್ತಿಯ ಬನಿಯನ್, ಅದಕ್ಕೊಂದು ಮಡಿಕೆ ಬಿದ್ದರೂ ಸಂಜೆಗೆ ಚರ್ಮ ಕೆಂಪು. ಬೆವರು ಎಲ್ಲಿ ಹುಟ್ಟಿ ಎಲ್ಲಿ ಹೋಗುತ್ತದೆ ಎಂದು ಹೇಳಬಲ್ಲೆ. ಇಡೀ ಮುದ್ದೆ ಉಣ್ಣುತ್ತಿದ್ದವಳು ಅರ್ಧಕ್ಕೆ ಇಳಿದೆ. ಪೆನ್ಸಿಲು ಬಿದ್ದರೆ ಬಾಗಿ ಎತ್ತಿಕೊಳ್ಳುವ ಹಾಗಿಲ್ಲ. ಗೋಡೆ ಹಿಡಿದು ಕುಕ್ಕರುಗಾಲಲ್ಲಿ ಇಳಿಯಬೇಕು. ಅಜ್ಜಿ ಮಾತ್ರ ಬೆರಳ ಗಿಣ್ಣಿನಿಂದ ನನ್ನ ಹೊಟ್ಟೆ ತಟ್ಟಿ, "ಒಳಗೆ ಯಾರಿದ್ದೀರ್ರೀ?" ಎಂದು ಕೇಳುತ್ತಿದ್ದಳು. ಮೊದಲ ವಾರ ಅಳುತ್ತಿದ್ದೆ. ಆಮೇಲೆ "ಯಾರೂ ಇಲ್ಲ, ನಾಳೆ ಬನ್ನಿ" ಅನ್ನಲು ಕಲಿತೆ.

ಶಾಲೆಯ ಹುಡುಗರು "ನಾಯಿ ಬಾಲ ನಳಿಗೇಲಿ ಹಾಕಿದ್ರೂ ಡೊಂಕೇ" ಎಂದು ಹಾಡು ಕಟ್ಟಿದರು. ಅದನ್ನಾದರೂ ಸಹಿಸಬಹುದಿತ್ತು. ಡಬ್ಬದೊಳಗೆ ಬೀದಿಗಳು ನನ್ನನ್ನು ಮುಟ್ಟುತ್ತಿರಲಿಲ್ಲ, ಅದೇ ದೊಡ್ಡ ಫಜೀತಿ. ಬಡಗಿ ಬೀದಿಯಲ್ಲೂ ಶಾಲೆ ಬೀದಿಯಲ್ಲೂ ಒಂದೇ ಥರ ನಿಲ್ಲುತ್ತಿದ್ದೆ. ಮೂಲೆಗಲ್ಲಿನ ಮೇಲೆ ಕೈಯಿಟ್ಟರೂ ಹೊಂದಿಸಿಕೊಳ್ಳಲು ಒಳಗೆ ಏನೂ ಅಲುಗುತ್ತಿರಲಿಲ್ಲ. ಡೊಂಕಿದ್ದಾಗ ಡೊಂಕು ಎಂದರು. ಈಗ ನೆಟ್ಟಗೆ ನಿಂತರೆ, "ಹೊರಗಿನವಳ ಹಾಗೆ ನಡೀತಾಳೆ" ಎಂದರು. ನಾನು ಯಾರ ಹಾಗೆ ನಡೆಯಬೇಕಿತ್ತು? ಅದನ್ನು ಯಾರೂ ಹೇಳಲಿಲ್ಲ.

ಅಪ್ಪ ಆ ಡಬ್ಬವನ್ನು ನೋಡಿ ನೋಡಿ ಒಳಗೊಳಗೇ ಕುದಿಯುತ್ತಿದ್ದ. ನಾನು ಸ್ನಾನಕ್ಕೆ ಹೋದಾಗ ಅದನ್ನು ತಿರುಗಿಸಿ ನೋಡುವುದು, ನಾನು ತೊಟ್ಟ ಮೇಲೆ ಎಡಪಕ್ಕದ ಸಂದಿಗೆ ಕೈ ಹಾಕುವುದು. "ಹೊರಗಿನವರ ಕೆಲಸ ನೋಡು! ಇಷ್ಟು ಸಂದು ಬಿಟ್ಟಿದ್ದಾರಲ್ಲ. ನಮ್ಮ ಬೀದೀಲಿ ಮೈ ಬೀಳೋದೇ ಎಡಕ್ಕೆ. ಆ ಕಡೇನೇ ಆಸರೆ ಇಲ್ಲ!" ಒಂದು ಬೆಳಿಗ್ಗೆ ಬೊಂಬೆ ಮಾಡುವ ಹಗುರವಾದ ಹಾಲೆ ಮರದಲ್ಲಿ ಬೆಣೆಯೊಂದನ್ನು ಕೆತ್ತಿದ. ಉಜ್ಜಿ ನುಣುಪು ಮಾಡಿ, ಅಮ್ಮನ ಹಳೆಯ ಸೀರೆಯ ಬಟ್ಟೆ ಸುತ್ತಿ, ಸಂದಿನೊಳಗೆ ಕೂರಿಸಿದ. ಹೊಸದಾಗಿ ಹುಟ್ಟಿದ ಪಕ್ಕೆಲುಬಿನ ಹಾಗೆ ಕೂತುಕೊಂಡಿತು. ಪಟ್ಟಿಗಳನ್ನು ಮೊದಲಿನಷ್ಟು ಎಳೆಯಲಾಗಲಿಲ್ಲ, ಹಾಗಾಗಿ ಬಲಗಡೆ ಒತ್ತುವುದೂ ನಿಂತಿತು. ಕುರ್ಚಿಯಲ್ಲಿ ಒರಗಿಕೊಂಡ ಹಾಗೆ ಹಾಯಾಗಿತ್ತು. ನಾನು ಅಪ್ಪನ ಕತ್ತು ತಬ್ಬಿಕೊಂಡೆ. ಪಾರ್ವತಕ್ಕ ಕೂಡ "ಈಗ ಬೀದಿಗೆ ಹೊಂದಿದ್ಲು ಹುಡುಗಿ" ಎಂದಳು.

ದಸರಾ ರಜೆ ಕಳೆದು ಮತ್ತೆ ಆಸ್ಪತ್ರೆಗೆ ಹೋದಾಗ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡಿದ್ದ. ಡಾಕ್ಟರು ಹೊಸ ಎಕ್ಸ್‌ರೇಯನ್ನು ಹಳೆಯದರ ಪಕ್ಕಕ್ಕೆ ಹಿಡಿದರು. ಅವರ ಮುಖದ ನಗು ನಿಧಾನವಾಗಿ ಹೋಯಿತು.

"ಹೆಚ್ಚಾಗಿದೆ" ಎಂದರು. "ಕಾಮಾಕ್ಷಿ, ನಿಜ ಹೇಳು. ಬೆಲ್ಟು ಬಿಚ್ಚಿಡ್ತಿದ್ದೀಯಾ?"

"ಇಲ್ಲ ಮೇಡಂ."

"ಬೈಯಲ್ಲ ನಾನು. ಎಷ್ಟೋ ಮಕ್ಕಳು ಬಿಚ್ಚಿಡ್ತಾರೆ, ಕಷ್ಟ ಅದು."

"ದೇವರಾಣೆ ಇಲ್ಲ ಮೇಡಂ, ಮಲಗೋವಾಗ್ಲೂ ಹಾಕಿರ್ತಾಳೆ" ಎಂದಳು ಅಮ್ಮ. ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂದವು. ಬೆವರಿದ್ದು ನಾನು, ಅರ್ಧ ಮುದ್ದೆ ಉಂಡಿದ್ದು ನಾನು, ಸುಳ್ಳುಗಾತಿಯೂ ನಾನೇ? ಡಾಕ್ಟರು ಎದ್ದು ಬಂದು ಪಟ್ಟಿಗಳನ್ನು ಮುಟ್ಟಿ ನೋಡಿದರು. ಆಮೇಲೆ ಎಡಪಕ್ಕಕ್ಕೆ ಕೈ ಹಾಕಿದರು. ಕೈ ಹೋಗಲಿಲ್ಲ. ಅವರು ಬೆಣೆಯನ್ನು ಹೊರಗೆಳೆದು ಮೇಜಿನ ಮೇಲಿಟ್ಟಾಗ ಸೀರೆಯ ಹೂವಿನ ಬಟ್ಟೆ ನನ್ನ ಬೆವರಿಗೆ ಬಣ್ಣ ಬಿಟ್ಟಿತ್ತು.

"ಇದೇನಿದು?"

"ನಾನು ಮಾಡಿದ್ದು" ಎಂದ ಅಪ್ಪ. ಆಗಲೂ ಅವನ ದನಿಯಲ್ಲಿ ತುಸು ಹೆಮ್ಮೆ ಇತ್ತು. "ಸಂದು ಬಿಟ್ಟಿದ್ರಲ್ಲ."

ಡಾಕ್ಟರು ಕುರ್ಚಿಯಲ್ಲಿ ಕೂತರು. "ಆ ಸಂದನ್ನ ಬೇಕು ಅಂತಲೇ ಬಿಟ್ಟಿರೋದು ಆಚಾರ್ರೇ. ಮೆತ್ತೆ ಈ ಕಡೆಯಿಂದ ಒತ್ತುತ್ತೆ. ಒತ್ತಿದಾಗ ಅವಳು ಎಲ್ಲಿಗಾದ್ರೂ ಸರೀಬೇಕಲ್ಲ? ಅಲ್ಲಿಗೆ ಸರೀಲಿ, ಆ ಕಡೆ ಉಸಿರು ತುಂಬ್ಕೊಳ್ಳಲಿ ಅಂತ ಜಾಗ. ನೀವು ಅದನ್ನೇ ಮುಚ್ಚಿಬಿಟ್ರಿ."

ಅಪ್ಪ ಬೆಣೆಯನ್ನು ಕೈಗೆತ್ತಿಕೊಂಡು ಹಿಂದೆ ಮುಂದೆ ತಿರುಗಿಸಿದ. "ಖಾಲಿ ಜಾಗಕ್ಕೂ ಕೆಲಸ ಇರುತ್ತೆ ಅಂತ ನನಗೆ ಗೊತ್ತಿರಲಿಲ್ಲ ಮೇಡಂ."

"ನಾನೇ ಹೇಳಬೇಕಿತ್ತು. ನಮ್ಮೂರಲ್ಲಿ ಯಾರೂ ಅದನ್ನ ತುಂಬೋಕೆ ಹೋಗಲ್ಲ, ಅದಕ್ಕೇ ಹೊಳೀಲಿಲ್ಲ" ಎಂದರು ಡಾಕ್ಟರು. ಆಮೇಲೆ ನನ್ನ ಕಡೆ ತಿರುಗಿ, "ನಿನ್ನನ್ನ ಸಂಶಯಪಟ್ಟೆ, ತಪ್ಪಾಯ್ತು. ಹೊಸ ಬೆಲ್ಟು ಮಾಡೋಣ. ಇನ್ನೂ ಹೆಚ್ಚಾದ್ರೆ ಮಾತ್ರ ಆಪರೇಷನ್ ಮಾತು ಬರುತ್ತೆ. ಈಗ ಇಲ್ಲಿಗೇ ನಿಲ್ಲಿಸಬೇಕು" ಎಂದರು.

ಹೊಸ ಡಬ್ಬ ಮೊದಲಿನದಕ್ಕಿಂತ ಬಿಗಿ. ಹಾಯಾಗಿದ್ದ ದಿನಗಳನ್ನು ನೆನೆದು ನಾನು ಮತ್ತೆ ಅತ್ತೆ. ಸುಖವಾಗಿದ್ದಾಗ ಕೆಡುತ್ತಿದ್ದೆ, ನೋಯುವಾಗ ಸರಿಯಾಗುತ್ತಿದ್ದೇನೆ ಎಂದರೆ ತಲೆಗೆ ಇಳಿಯುವುದಾದರೂ ಹೇಗೆ? ಅಪ್ಪ ಹಾಲೆ ಮರದ ಬೆಣೆಯನ್ನು ಒಲೆಗೆ ಹಾಕಲಿಲ್ಲ, ಗೂಡಿನಲ್ಲಿಟ್ಟ. ಕೆಲವು ದಿನ ಯಾರ ಮಂಚಕ್ಕೂ ಬೆಣೆ ಕೊಡಲು ಹೋಗಲಿಲ್ಲ. ಕರೆಯಲು ಬಂದವರಿಗೆ "ಸ್ವಲ್ಪ ಅಲುಗಿದ್ರೆ ಅಲುಗ್ಲಿ ಬಿಡಿ" ಅನ್ನುತ್ತಿದ್ದ. ಅವರು ಕಕ್ಕಾಬಿಕ್ಕಿಯಾಗಿ ಹೋಗುತ್ತಿದ್ದರು. ನನಗೆ ಅವನ ಮೇಲೆ ಸಿಟ್ಟಿತ್ತು, ಆದರೆ ಅವನು ಊಟಕ್ಕೆ ಕೂತಾಗ ಕಪಾಟಿನ ಸಂದಿಗೆ ಬೆರಳು ಹಾಕದೆ ಕೈಯನ್ನು ಮಡಿಲಲ್ಲಿಟ್ಟುಕೊಂಡದ್ದನ್ನು ನೋಡಿ ಆ ಸಿಟ್ಟು ನಿಲ್ಲಲಿಲ್ಲ.

"ಹಾಕಿ ನೋಡಪ್ಪ" ಎಂದು ನಾನೇ ಎಡಪಕ್ಕ ತೋರಿಸಿದೆ. "ಸಂದು ಇದೆಯೋ ಇಲ್ವೋ ನೋಡು."

ಅಂದಿನಿಂದ ಬೆಳಿಗ್ಗೆ ಪಟ್ಟಿ ಬಿಗಿದ ಮೇಲೆ ಅಪ್ಪ ಸಂದಿಗೆ ಕೈ ಹಾಕಿ ನೋಡುವುದು ರೂಢಿಯಾಯಿತು. ಮೊದಮೊದಲು ಇಡೀ ಅಂಗೈ ಸಲೀಸಾಗಿ ಹೋಗುತ್ತಿತ್ತು. "ಖಾಲಿ ಇದೆ" ಅನ್ನುತ್ತಿದ್ದ, ದೇವರ ಕೋಣೆಯಲ್ಲಿ ದೀಪ ಉರಿಯುತ್ತಿದೆ ಎಂದು ಹೇಳುವವನ ಹಾಗೆ. ಆಮೇಲೆ ಬೆರಳುಗಳಷ್ಟೇ ಹೋಗತೊಡಗಿದವು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಕೈ ಹೋಗಲೇ ಇಲ್ಲ.

"ಜಾಗ ಇಲ್ಲ!" ಎಂದು ಅಪ್ಪ ಕೂಗಿದ. ಅಮ್ಮ ಸೌಟು ಹಿಡಿದೇ ಓಡಿ ಬಂದಳು.

"ಮುದ್ದೆ ಜಾಸ್ತಿ ತಿಂತಿದ್ದಾಳೆ, ಅದಕ್ಕೇಯ" ಎಂದಳು ಅಜ್ಜಿ.

"ಡಬ್ಬ ಚಿಕ್ಕದಾಗಿರಬೇಕು, ಹುಡುಗಿ ಬೆಳೀತಿದ್ದಾಳಲ್ಲ" ಎಂದಳು ಅಮ್ಮ.

"ಸರಿದಿದ್ದಾಳೆ ಕಣೇ! ಆ ಕಡೆಯಿಂದ ಈ ಕಡೆಗೆ ಸರಿದಿದ್ದಾಳೆ!" ಎಂದ ಅಪ್ಪ. ಆದರೆ ಹಾಗೆಂದವನ ಕಣ್ಣಲ್ಲಿಯೂ ಹೆದರಿಕೆಯಿತ್ತು. ಹಿಂದೊಮ್ಮೆಯೂ ಅವನಿಗೆ ಹೀಗೆಯೇ ಖಾತ್ರಿಯಿತ್ತು. ಮೂವರೂ ನನ್ನ ಮುಖ ನೋಡಿದರು. ನಾನು ಬೆಳೆದಿದ್ದೆನೋ, ದಪ್ಪವಾಗಿದ್ದೆನೋ, ಸರಿದಿದ್ದೆನೋ ನನಗೆ ಒಳಗಿನಿಂದ ಏನೂ ತಿಳಿಯಲಿಲ್ಲ. ಉಸಿರೆಳೆದರೆ ಎಡಪಕ್ಕ ಡಬ್ಬಕ್ಕೆ ತಾಗುತ್ತಿತ್ತು. ಅಷ್ಟು ಮಾತ್ರ ಗೊತ್ತಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಎಕ್ಸ್‌ರೇಗಳನ್ನು ಅಕ್ಕಪಕ್ಕ ಹಿಡಿದು ತುಂಬ ಹೊತ್ತು ನೋಡಿದರು. ಅಪ್ಪ ಗೋಡೆ ಹಿಡಿದು ನಿಂತಿದ್ದ. ನೆಲ ಸಮನಾಗಿದ್ದದ್ದಕ್ಕೋ ಹೆದರಿಕೆಗೋ ಗೊತ್ತಿಲ್ಲ.

"ಅಷ್ಟೇ ಇದೆ" ಎಂದರು.

"ಅಷ್ಟೇ ಅಂದ್ರೆ ಒಳ್ಳೇದೋ ಕೆಟ್ಟದ್ದೋ ಮೇಡಂ?"

"ಇಷ್ಟು ಎತ್ತರ ಬೆಳೆದಿದ್ದಾಳೆ, ಆದ್ರೂ ಡೊಂಕು ಅಲ್ಲೇ ನಿಂತಿದೆ. ತುಂಬಾ ಒಳ್ಳೇದು. ಬೆಳೆಯೋದು ಮುಗಿಯೋವರೆಗೂ ಹೀಗೇ ಮುಂದುವರಿಸೋಣ. ಇನ್ನೊಂದು ದೊಡ್ಡ ಬೆಲ್ಟು ಬೇಕಾಗುತ್ತೆ."

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಷ್ಟೆಲ್ಲ ಪಟ್ಟ ಪಾಡಿಗೆ ಸಿಕ್ಕಿದ್ದು ಏನೂ ಬದಲಾಗಿಲ್ಲ ಎಂಬ ಸುದ್ದಿ, ಮತ್ತು ಅದಕ್ಕೆ ಎಲ್ಲರಿಗೂ ಸಂತೋಷ. ದೊಡ್ಡ ಡಬ್ಬ ಬಂತು. ಅದರ ಎಡಪಕ್ಕದಲ್ಲಿ ಮತ್ತೆ ಅಂಗೈ ಹೋಗುವಷ್ಟು ಸಂದು. ಅಪ್ಪ ಕೈ ಹಾಕಿ, "ಖಾಲಿ ಇದೆ" ಎಂದ.

ಜೂನಿನಲ್ಲಿ ಮತ್ತೆ ಯೂನಿಫಾರ್ಮಿನ ಕಾಲ. ಎಂದೂ ದರ್ಜಿಯ ಅಂಗಡಿ ಹತ್ತದ ಅಪ್ಪ ಈ ಸಲ ನಮ್ಮ ಜೊತೆ ಬಂದ. ಪೇಟೆ ಬೀದಿಯ ಮೂಲೆಗಲ್ಲಿನ ಮೇಲೆ ಅಮ್ಮ ಕೈಯಿಟ್ಟಳು, ಅಪ್ಪನೂ ಇಟ್ಟ. ನಾನು ಸುಮ್ಮನೆ ದಾಟಿ ಹೋಗಿ ಆಚೆ ನಿಂತು ಅವರಿಗಾಗಿ ಕಾದೆ. ಇಮಾಮ್ ಸಾಬರು ಟೇಪನ್ನು ಕೊರಳಿಗೆ ಹಾಕಿಕೊಂಡು, "ಯಾವ ಬೀದಿಗಮ್ಮಾ?" ಎಂದರು. ಅಮ್ಮ ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಮುಂದೆ ಬಂದ.

"ಬೀದಿ ಬಿಡಿ ಸಾಬ್ರೇ. ಅವಳನ್ನ ಅಳೀರಿ. ಎರಡೂ ಪಕ್ಕ."

"ಎರಡೂ ಪಕ್ಕ ಅಳೆಯೋಕೆ ನಾನೇನು ಹೊಸಬನಾ ಆಚಾರ್ರೇ?"

"ನಾನೂ ಹೊಸಬನೇ ಆಗಿದ್ದೀನಿ. ಅಳೀರಿ."

ಸಾಬರು ಗೊಣಗುತ್ತ ಮಂಡಿಯೂರಿ ಕೂತರು. ಡಬ್ಬದ ಮೇಲೆ ಟೇಪು ಹಿಡಿದು ಎಡಪಕ್ಕ ಅಳೆದರು, ಆಮೇಲೆ ಬಲಪಕ್ಕ. ನಂಬಿಕೆಯಾಗದೆ ಮತ್ತೊಮ್ಮೆ ಅಳೆದರು. ಕನ್ನಡಕವನ್ನು ಹಣೆಗೇರಿಸಿ ನನ್ನನ್ನು ಕೆಳಗಿನಿಂದ ನೋಡಿದರು.

"ಈ ಅಳತೆ ಯಾವ ಬೀದೀದೂ ಅಲ್ವಲ್ಲಮ್ಮಾ?"

"ಅಲ್ಲ ಸಾಬ್ರೇ, ನಂದು" ಎಂದೆ.